ಒಂದೇ ಕಪ್ಪುಕುಳಿಗೆ ಎರಡು ಗಿರಕಿ

ನನ್ನ ಗಂಡ ಅಳೆದ ಕಪ್ಪುಕುಳಿ ಭಯಂಕರ ವೇಗದಲ್ಲಿ ತಿರುಗುತ್ತದೆ. ನಾನು ಅಳೆದದ್ದು ತಿರುಗಲೋ ಬೇಡವೋ ಅನ್ನುವ ಹಾಗೆ ತಿರುಗುತ್ತದೆ. ಎರಡೂ ಒಂದೇ ಕಪ್ಪುಕುಳಿ. ಅಂದಮೇಲೆ ಇಬ್ಬರಲ್ಲಿ ಒಬ್ಬರ ಲೆಕ್ಕ ತಪ್ಪಿರಲೇಬೇಕು, ಇಲ್ಲವೇ ಇಬ್ಬರದೂ ತಪ್ಪಿರಬೇಕು. ಹುಬ್ಬಳ್ಳಿ ಬೆಂಗೇರಿಯ ನಮ್ಮ ಮನೆಯಲ್ಲಿ ಇದಕ್ಕೆ ಇನ್ನೊಂದು ದಾರಿ ಹುಡುಕಿದ್ದರು. ತಪ್ಪು ಯಾರದಾದರೂ ಆಗಿರಲಿ, ಸೊಸೆಯಾದವಳು ಬಾಯಿ ಬಿಡಬಾರದು.

ನಾನು ಬಾಯಿ ಬಿಟ್ಟೆ. ಅದರ ಕಥೆ ಇದು. ಇದನ್ನು ಓದಿದ ಮೇಲೆ ನನ್ನ ಬಗ್ಗೆ ಮೂಗು ಮುರಿಯುವವರು ಮುರಿಯಲಿ. ನನಗೆ ಬೇಕಾಗಿದ್ದದ್ದು ಒಂದೇ: ನಾನು ತೆಗೆದ ಉತ್ತರ ನನ್ನದು ಅಂತ ನಾಲ್ಕು ಜನಕ್ಕೆ ಗೊತ್ತಾಗಬೇಕು. ಸರಿಯೋ ತಪ್ಪೋ ಆಮೇಲಿನ ಮಾತು.

ಮೊದಲು ಜಗಳದ ಮೂಲ ಹೇಳಿಬಿಡುತ್ತೇನೆ. ಕಪ್ಪುಕುಳಿ ಒಂಟಿಯಾಗಿದ್ದರೆ ಅದರ ಗೊಡವೆಗೆ ಹೋಗುವ ಹಾಗೇ ಇಲ್ಲ, ಕಾಣುವುದೇ ಇಲ್ಲ. ನಮ್ಮದು ಜೋಡಿ. ಒಂದು ನಕ್ಷತ್ರ, ಒಂದು ಕಪ್ಪುಕುಳಿ, ಎರಡೂ ಒಂದನ್ನೊಂದು ಸುತ್ತುತ್ತಿರುತ್ತವೆ. ಕಪ್ಪುಕುಳಿ ನಕ್ಷತ್ರದ ಮೈಯಿಂದ ಅನಿಲವನ್ನು ಎಳೆದುಕೊಳ್ಳುತ್ತದೆ. ಆ ಅನಿಲ ನೆಟ್ಟಗೆ ಒಳಗೆ ಬೀಳದೆ ತಟ್ಟೆಯ ಹಾಗೆ ಹರಡಿ, ಸುತ್ತುತ್ತ ಸುತ್ತುತ್ತ ಒಳಕ್ಕೆ ಸರಿಯುತ್ತದೆ. ಸರಿದಷ್ಟೂ ಕಾಯುತ್ತದೆ. ಒಳಗಿನ ಅಂಚಿಗೆ ಬರುವ ಹೊತ್ತಿಗೆ ಎಕ್ಸ್‌ರೇ ಕಾರುವಷ್ಟು ಕಾದಿರುತ್ತದೆ. ಉಪಗ್ರಹದಲ್ಲಿರುವ ದೂರದರ್ಶಕಕ್ಕೆ ಸಿಗುವುದು ಆ ಎಕ್ಸ್‌ರೇ ಮಾತ್ರ. ಉಳಿದದ್ದನ್ನೆಲ್ಲ ನಾವು ಕೂತಲ್ಲಿ ಲೆಕ್ಕ ಹಾಕಬೇಕು.

ಈಗ ಗಿರಕಿಯ ವಿಷಯ. ಕಪ್ಪುಕುಳಿ ಜೋರಾಗಿ ತಿರುಗುತ್ತಿದ್ದರೆ ಅದರ ಜೊತೆಗೇ ಸುತ್ತುವ ಅನಿಲ ಬೀಳದೆ ಬಹಳ ಹತ್ತಿರದ ತನಕ ಹೋಗಬಹುದು. ನಿಧಾನವಾಗಿದ್ದರೆ ದೂರದಲ್ಲೇ ನಿಲ್ಲಬೇಕು, ಅಲ್ಲಿಂದ ಒಳಗೆ ಹೆಜ್ಜೆ ಇಟ್ಟರೆ ಬಿದ್ದೇ ಹೋಗುತ್ತದೆ. ಹಾಗಾಗಿ ತಟ್ಟೆಯ ಒಳಗಿನ ಅಂಚು ಎಲ್ಲಿದೆ ಅಂತ ಗೊತ್ತಾದರೆ ಗಿರಕಿ ಎಷ್ಟು ಅಂತ ಗೊತ್ತಾಗುತ್ತದೆ. ಅಂಚನ್ನು ಹುಡುಕಲು ಎರಡು ದಾರಿ. ಒಂದು, ತಟ್ಟೆಯಲ್ಲಿರುವ ಕಬ್ಬಿಣದಿಂದ ಬರುವ ಎಕ್ಸ್‌ರೇ ಗೆರೆ ಎಷ್ಟು ಹರಡಿಕೊಂಡಿದೆ ಅಂತ ನೋಡುವುದು. ಹತ್ತಿರ ಇದ್ದಷ್ಟೂ ಗೆರೆ ಹೆಚ್ಚು ಕಲೆಸಿಹೋಗುತ್ತದೆ. ಇದು ನನ್ನ ಗಂಡನ ದಾರಿ. ಇನ್ನೊಂದು, ತಟ್ಟೆ ಎಷ್ಟು ಕಾದಿದೆ, ಎಷ್ಟು ಬೆಳಗುತ್ತಿದೆ ಅಂತ ಅಳೆದು, ಅಷ್ಟು ಬೆಳಕು ಬರಬೇಕಾದರೆ ಅಂಚು ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕುವುದು. ಇದು ನನ್ನ ದಾರಿ. ಆದರೆ ನನ್ನ ಲೆಕ್ಕಕ್ಕೆ ಆ ಜೋಡಿ ನಮ್ಮಿಂದ ಎಷ್ಟು ದೂರ, ಕಪ್ಪುಕುಳಿಯ ತೂಕ ಎಷ್ಟು, ತಟ್ಟೆ ನಮ್ಮ ಕಡೆಗೆ ಎಷ್ಟು ಓರೆಯಾಗಿದೆ ಅನ್ನುವುದೆಲ್ಲ ಮೊದಲೇ ಗೊತ್ತಿರಬೇಕು. ಅವನ್ನು ಬೇರೆಯವರು ಅಳೆದಿರುತ್ತಾರೆ.

ಇವರಿಗೆ, ಅಂದರೆ ನನ್ನ ಗಂಡನಿಗೆ, ಇದೇ ಚೇಷ್ಟೆಯ ವಸ್ತು. ನಾನು ಹುಬ್ಬಳ್ಳಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು, ಇವರು ಧಾರವಾಡದಲ್ಲಿ ಕೆಲಸ ಮುಗಿಸಿ ಬಂದು, ಇಬ್ಬರೂ ಊಟಕ್ಕೆ ಕೂತರೆ ಸಾಕು, ಶುರು.

“ನೀ ಉಪ್ಪು ಒಬ್ರ ಮನಿಯಿಂದ, ಖಾರ ಒಬ್ರ ಮನಿಯಿಂದ, ಹಿಟ್ಟು ಇನ್ನೊಬ್ರ ಮನಿಯಿಂದ ಕಡಾ ತಂದು ರೊಟ್ಟಿ ಬಡೀತಿ. ಆಮ್ಯಾಲೆ ನನ್ನ ರೊಟ್ಟಿ ಅಂತಿ,” ಅನ್ನುತ್ತಿದ್ದರು.

“ಕಡಾ ತಂದ್ರೂ ಏನ ತಂದೇನಿ ಅಂತ ಹೇಳಿ ತಂದೇನ್ರಿ. ನೀವು ನಿಮಗ ಬೇಕಾದ ಹಿಟ್ಟು ಮನ್ಯಾಗ ಐತಿ ಅಂತ ತಿಳಕೊಂಡ ಬಡದೀರಿ,” ಅನ್ನುತ್ತಿದ್ದೆ.

ನನ್ನ ಮಾತಿನಲ್ಲಿ ‘ರಿ’ ಇತ್ತು, ಗಮನಿಸಿ. ನಮ್ಮ ಕಡೆ ಹೆಂಡತಿ ಗಂಡನ ಜೊತೆ ಎಷ್ಟು ಜೋರಾಗಿ ಜಗಳವಾಡಿದರೂ ‘ರಿ’ ಬಿಡುವ ಹಾಗಿಲ್ಲ. ಬೈಗುಳಕ್ಕೂ ಮರ್ಯಾದೆ ಹಚ್ಚಿಯೇ ಬೈಯಬೇಕು. ಹೊರಗಿನವರು ಕೇಳಿದರೆ ಎಷ್ಟು ಗೌರವದ ಸಂಸಾರ ಅಂದುಕೊಳ್ಳಬೇಕು, ಹಾಗೆ. ಇವರು ನನಗೆ ‘ನೀ’ ಅನ್ನುತ್ತಿದ್ದರು.

ನಮ್ಮ ಅತ್ತೆ ಹತ್ತಿ ವ್ಯಾಪಾರದ ಮನೆತನದವರು. ಹಣೆಗೆ ವಿಭೂತಿ ಧರಿಸದೆ ನೀರು ಮುಟ್ಟದವರು. ಧಾರವಾಡದ ನಯವಾದ ಮಾತು, ದನಿ ಏರಿಸಿ ಗೊತ್ತೇ ಇಲ್ಲ, ಆ ನಯದಲ್ಲೇ ಮನುಷ್ಯರನ್ನು ಸುಲಿದಿಡುತ್ತಾರೆ. ಅವರಿಗೆ ಈ ಕಪ್ಪುಕುಳಿ ಅನ್ನುವ ಶಬ್ದವೇ ಆಗಿಬರುತ್ತಿರಲಿಲ್ಲ. ನಮ್ಮ ಕಡೆ ಕುಳಿಗೆ ಕುಣಿ ಅನ್ನುತ್ತಾರೆ, ಕುಣಿ ಅಂದರೆ ಹೆಣ ಇಡಲು ತೋಡುವ ಗುಂಡಿ. “ಮುತ್ತೈದಿ ಬಾಯಾಗ ಮುಂಜಾನೆದ್ದು ಕುಣಿ ಕುಣಿ ಅಂತ ಏನವಾ ಅದು,” ಅನ್ನುವರು. ಮಗನ ಬಾಯಲ್ಲಿ ಅದೇ ಶಬ್ದ ಬಂದರೆ ಅದು ವಿದ್ಯೆ.

ಒಂದು ಸಲ ಊಟ ಬಡಿಸುತ್ತ ಅವರೇ ತೀರ್ಪು ಕೊಡಲು ಕೂತರು. “ಯಾರ ಉತ್ತರ ದೊಡ್ಡದು ಬಂದೈತಿ?” ಅಂತ ಕೇಳಿದರು.

“ಇವರದ್ರಿ,” ಅಂದೆ. ಖರೇನೇ ಆಗಿತ್ತು. ಗಿರಕಿಯನ್ನು ಸೊನ್ನೆಯಿಂದ ಒಂದರ ತನಕ ಅಳೆಯುತ್ತಾರೆ. ಇವರದು ಒಂದಕ್ಕೆ ಮುಟ್ಟಿಕೊಂಡಿತ್ತು, ನನ್ನದು ಸೊನ್ನೆಯ ನೆರೆಯಲ್ಲಿತ್ತು.

“ಹಂಗಾದ್ರ ಆತು ಬಿಡು,” ಅಂದು ಮಗನ ತಟ್ಟೆಗೆ ಇನ್ನಷ್ಟು ತುಪ್ಪ ಹಾಕಿದರು.

ಇವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ದೊಡ್ಡ ಉತ್ತರವೇ ಒಳ್ಳೆಯ ಉತ್ತರ ಅನ್ನುವುದು ಅತ್ತೆಯೊಬ್ಬರ ನಂಬಿಕೆಯಾಗಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ವಿದ್ವಾಂಸರ ನಂಬಿಕೆಯೂ ಅದೇ. ಜೋರಾಗಿ ತಿರುಗುವ ಕಪ್ಪುಕುಳಿ ಅಂದರೆ ಎಲ್ಲರಿಗೂ ಬಾಯಲ್ಲಿ ನೀರು ಬರುತ್ತದೆ. ಸುಮ್ಮನೆ ಕೂತ ಕಪ್ಪುಕುಳಿಯನ್ನು ಯಾರು ಕೇಳುತ್ತಾರೆ?

ನನ್ನ ತಕರಾರು ಓರೆಯ ಬಗ್ಗೆ. ಇವರ ಲೆಕ್ಕದಲ್ಲಿ ತಟ್ಟೆ ನಮ್ಮ ಕಡೆಗೆ ಮುಖ ಮಾಡಿ ಮಲಗಿದೆ, ಓರೆ ಬಹಳ ಕಡಿಮೆ. ಆ ಜೋಡಿಯ ನಕ್ಷತ್ರ ಸುತ್ತುವ ರೀತಿಯನ್ನು ಬೇರೆಯವರು ಬಹಳ ಜತನದಿಂದ ಅಳೆದಿದ್ದಾರೆ, ಅದರ ಪ್ರಕಾರ ಇಡೀ ಜೋಡಿ ಚೆನ್ನಾಗಿ ಓರೆಯಾಗಿದೆ. ಓರೆ ಕಡಿಮೆ ಹಿಡಿದರೆ ಏನಾಗುತ್ತದೆ? ಗೆರೆ ಹರಡಿದ್ದಕ್ಕೆಲ್ಲ ಕಾರಣವನ್ನು ಗಿರಕಿಯ ತಲೆಗೇ ಕಟ್ಟಬೇಕಾಗುತ್ತದೆ. ಉತ್ತರ ಉಬ್ಬುತ್ತದೆ. ಯಾಕೆ ಕಡಿಮೆ ಹಿಡಿದಿರಿ ಅಂತ ಕೇಳಿದರೆ, ತಟ್ಟೆಯ ಒಳಭಾಗ ಬಾಗಿರಬಹುದು ಅನ್ನುತ್ತಿದ್ದರು. ಬಾಗಿರಬಹುದು, ಇಲ್ಲ ಅನ್ನುವುದಿಲ್ಲ. ಬಾಗಿದೆ ಅನ್ನಲು ಏನು ಗುರುತು ಅಂತ ಕೇಳಿದರೆ, “ಊಟ ಆರತೈತಿ,” ಅನ್ನುತ್ತಿದ್ದರು.

ಅಷ್ಟು ಹೊತ್ತಿಗೆ ಇವರ ಲೆಕ್ಕ ಅಚ್ಚಾಗಿ, ಹೆಸರಾಗಿ, ನಾಲ್ಕು ಕಡೆ ಓಡಾಡುತ್ತಿತ್ತು. ನನ್ನದು ಇನ್ನೂ ಲ್ಯಾಪ್‌ಟಾಪಿನಲ್ಲಿತ್ತು. “ಇಬ್ರೂ ಕೂಡೇ ಬರಿಯೋಣು,” ಅಂದರು ಇವರು. “ಎರಡೂ ದಾರಿ ಕೂಡಿಸಿ, ಹೊಂದಾಣಿಕಿ ಐತಿ ಅಂತ ತೋರಿಸೋಣು. ನನ್ನ ಹೆಸರು ಮೊದ್ಲ ಇರ್ಲಿ, ಮಂದಿ ಓದ್ತಾರ.” ಸೊನ್ನೆಗೂ ಒಂದಕ್ಕೂ ಹೊಂದಾಣಿಕೆ! ಸಂಸಾರದಲ್ಲಿ ಆಗಬಹುದೇನೋ. ಅಂಕಿಗಳಿಗೆ ಆ ಗತಿ ಬರಬಾರದು ಅಂದೆ. ಆವತ್ತಿನಿಂದ ಇವರು ನನ್ನ ಕೋಣೆಯ ಕಡೆ ಬರುವುದನ್ನು ಬಿಟ್ಟರು. ಮಾತು ಬೇಕಾದಷ್ಟೇ ಉಳಿಯಿತು. ಹಾಲು ಬಂತೇನು, ಗ್ಯಾಸ್ ಮುಗೀತೇನು.

ಈ ಜಗಳ ಮನೆಯ ಬಾಗಿಲು ದಾಟಿದ್ದು ಓಣಿಯಲ್ಲೊಬ್ಬರ ಮಗಳ ಕುಬಸದ ದಿನ. ಬಸುರಿ ಹೆಣ್ಣುಮಗಳಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಆರತಿ ಮಾಡಿದ ಮೇಲೆ ಹೆಂಗಸರೆಲ್ಲ ಒಡಪು ಹೇಳಲು ಕೂತರು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ‘ಇವರು’, ‘ಅವರು’, ‘ನಮ್ಮ ಮನಿಯವರು’, ಇಷ್ಟರಲ್ಲೇ ಮುಗಿಸಬೇಕು. ಹೇಳಲೇಬೇಕಾದ ದಿನ ಪ್ರಾಸ ಕಟ್ಟಿದ ಎರಡು ಸಾಲಿನ ನಡುವೆ ಹೆಸರನ್ನು ಸೇರಿಸಿ ಹೇಳಬೇಕು, ಅದೇ ಒಡಪು. ಈ ಕಾಲದಲ್ಲೂ ಇದು ಉಂಟೇ ಅಂತ ಕೇಳಬೇಡಿ. ಉಪಗ್ರಹದ ದತ್ತಾಂಶವನ್ನು ಅಡುಗೆಮನೆಯ ಪಕ್ಕದಲ್ಲಿ ಕೂತು ಇಳಿಸಿಕೊಳ್ಳುವ ನಾನೂ ಮದುವೆಯಾದ ದಿನದಿಂದ ಇವರ ಹೆಸರು ಹೇಳಿರಲಿಲ್ಲ. ಮೊದಮೊದಲು ಅತ್ತೆಯ ಸಲುವಾಗಿ, ಆಮೇಲೆ ನಾಲಗೆ ತಾನೇ ಹೇಳದಾಯಿತು.

ಎಲ್ಲರೂ ಬೆಳ್ಳಿ ಬಟ್ಟಲು, ಬಂಗಾರದ ಚಮಚ, ಮಲ್ಲಿಗೆ ಮಾಲೆ ಅಂತ ಗಂಡಂದಿರನ್ನು ಆಕಾಶಕ್ಕೆ ಏರಿಸಿದರು. ನನ್ನ ಸರದಿ ಬಂತು. ನಾನು ಹೇಳಿದೆ:

“ಹಿತ್ತಾಳಿ ಹಂಡೇದಾಗ ಕಾದೈತಿ ನೀರು,
ನಮ್ಮ ರಾಯರ ಲೆಕ್ಕ ತಪ್ಪೇತಂದ್ರ ಕೇಳವ್ರು ಯಾರು!”

‘ರಾಯರ’ ಅನ್ನುವ ಮುಂಚೆ ಹೆಸರಿತ್ತು, ಇಲ್ಲಿ ಬಿಟ್ಟಿದ್ದೇನೆ. ಹೆಂಗಸರು ಬಿದ್ದು ಬಿದ್ದು ನಕ್ಕರು, ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡಳು. ಅತ್ತೆ ಮಾತ್ರ ಕುಂಕುಮದ ಬಟ್ಟಲನ್ನು ನೋಡುತ್ತ ಕೂತಿದ್ದರು. ಮನೆಗೆ ಬಂದು ಚಪ್ಪಲಿ ಬಿಡುತ್ತ, “ಒಡಪು ಹೇಳೂದಂದ್ರ ಗಂಡನ್ನ ಹೊಗಳೂದವಾ, ಹರಾಜಿಗೆ ಇಡೂದಲ್ಲ,” ಅಂದರು. ಅದಾದ ಮೇಲೆ ನನ್ನ ಜೊತೆ ಮಾತಾಡುವಾಗ ಅವರೂ ‘ರಿ’ ಹಚ್ಚತೊಡಗಿದರು. “ಊಟಾ ಮಾಡ್ರಿ.” “ಕದಾ ಹಾಕ್ಕೋರಿ.” ನಮ್ಮ ಕಡೆ ಸೊಸೆಯನ್ನು ಬಹುವಚನದಲ್ಲಿ ಕರೆಯುವುದಕ್ಕಿಂತ ದೊಡ್ಡ ಸಿಟ್ಟು ಇಲ್ಲ.

ನಾಲಗೆಯ ಈ ರೂಢಿ ನನಗೆ ಎಂಥ ಹೊಡೆತ ಕೊಟ್ಟಿತು ಅನ್ನುವುದು ಮುಂದಿನದು. ನನ್ನ ಲೆಕ್ಕದ ಬಗ್ಗೆ ಆನ್‌ಲೈನಿನಲ್ಲಿ ಒಂದು ಉಪನ್ಯಾಸ ಕೊಡಲು ಕರೆ ಬಂತು. ಹೊರದೇಶದವರೂ ಕೇಳುವಂಥದ್ದು. ಇವರೂ ಧಾರವಾಡದಲ್ಲಿ ತಮ್ಮ ಕೋಣೆಯಿಂದ ಕೇಳುತ್ತಿದ್ದರು, ಪರದೆಯ ಮೇಲೆ ಕಪ್ಪು ಚೌಕದಲ್ಲಿ ಹೆಸರು ಕಾಣುತ್ತಿತ್ತು. ನಾನು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಹೇಳಿದೆ. ಇವರ ಲೆಕ್ಕದ ಮಾತು ಬಂದಾಗಲೆಲ್ಲ ಏನು ಅನ್ನಬೇಕಿತ್ತು? ಹೆಸರು ಹೇಳಬೇಕಿತ್ತು. ನಾಲಗೆ ಏಳಲಿಲ್ಲ. ‘ಹೀ’ ಅನ್ನಬೇಕಿತ್ತು. ಅದು ಏಕವಚನ, ಅದೂ ಬರಲಿಲ್ಲ. ಕನ್ನಡದ ‘ಅವರು’ ಅನ್ನುವುದನ್ನೇ ಇಂಗ್ಲಿಷಿಗೆ ತಂದು ‘ದೇ’ ಅಂದೆ. ‘ದೇ’ ಹೀಗೆ ಅಳೆದರು, ‘ದೇ’ ಓರೆ ಕಡಿಮೆ ಹಿಡಿದರು, ‘ದೇ’ ಹೇಳುವುದು ಹೀಗೆ. ಉಪನ್ಯಾಸ ಮುಗಿಯುವ ತನಕ ‘ದೇ’ ಜಪ.

ಮುಗಿದ ಮೇಲೆ ಅಧ್ಯಕ್ಷತೆ ವಹಿಸಿದ್ದ ಹೊರದೇಶದ ಹೆಂಗಸು ಕೇಳಿದರು. ನೀವು ಹೇಳುವ ಆ ತಂಡದಲ್ಲಿ ಎಷ್ಟು ಜನರಿದ್ದಾರೆ, ದೊಡ್ಡ ತಂಡವೇ? ಯಾವ ತಂಡ ಅಂತ ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಕೂಡಲೇ ನಾಚಿಕೆಯಾಯಿತು. ತಂಡವಿಲ್ಲ, ಅದು ನನ್ನ ಗಂಡ ಒಬ್ಬರೇ ಅನ್ನಬೇಕಿತ್ತು. ಯಾರು ಅಂತ ಕೇಳಿದರೆ ಹೆಸರು ಹೇಳಬೇಕಿತ್ತು. ಪಕ್ಕದ ಕೋಣೆಯಲ್ಲಿ ಅತ್ತೆ ಕೂತಿದ್ದರು. ನಾನು ಬೆಪ್ಪಿಯ ಹಾಗೆ ತಡವರಿಸುತ್ತಿದ್ದ ಹಾಗೆ ಆ ಅಧ್ಯಕ್ಷೆಯೇ ಸಂಭಾವಿತರಂತೆ ಮುಗಿಸಿಬಿಟ್ಟರು. ಒಂದು ಕಡೆ ಒಬ್ಬ ಸಂಶೋಧಕಿಯ ಲೆಕ್ಕ, ಇನ್ನೊಂದು ಕಡೆ ಒಂದು ಇಡೀ ತಂಡದ ಲೆಕ್ಕ, ಇನ್ನಷ್ಟು ಜನ ಪರಿಶೀಲಿಸುವ ತನಕ ಎರಡನೆಯದಕ್ಕೆ ಹೆಚ್ಚು ತೂಕ ಕೊಡಬೇಕಾಗುತ್ತದೆ ಅಂದರು. ಎಲ್ಲರೂ ತಲೆ ಆಡಿಸಿದರು. ನಾನು ಕೊಟ್ಟ ಮರ್ಯಾದೆ ಒಬ್ಬ ಮನುಷ್ಯನನ್ನು ಒಂದು ಗುಂಪು ಮಾಡಿ ನನ್ನ ಮೇಲೆ ಬಿಟ್ಟಿತು.

ಕಪ್ಪು ಚೌಕ ಕಪ್ಪಾಗಿಯೇ ಇತ್ತು. ಇವರು ಮೈಕ್ ಹಚ್ಚಿ, ತಂಡ ಅಲ್ಲ, ನಾನೊಬ್ಬನೇ ಅಂದಿದ್ದರೆ ಮುಗಿದುಹೋಗುತ್ತಿತ್ತು. ಅನ್ನಲಿಲ್ಲ.

ಇವರು ಮನೆಗೆ ಬಂದಾಗ ಬಾಗಿಲಲ್ಲೇ ಕೇಳಿದೆ. “ನೀವ್ಯಾಕ ಹೇಳ್ಲಿಲ್ಲರಿ?”

“ಕೇಳಿದ್ದು ನಿನ್ನ. ನಾ ಯಾಕ ನಡುವ ಬಾಯಿ ಹಾಕ್ಲಿ?” ಅಂದರು. ಬೂಟು ಬಿಚ್ಚುತ್ತಿದ್ದರು. ಕೆಳಗೆ ನೋಡುತ್ತಿದ್ದರೂ ನಗುತ್ತಿದ್ದರು ಅನ್ನುವುದು ಹೆಗಲಿನಿಂದ ಗೊತ್ತಾಗುತ್ತಿತ್ತು. ಆ ಹೆಗಲನ್ನು ನೋಡಿದಾಗ ನನಗೆ ಆ ಮನುಷ್ಯನ ಮೇಲೆ ಬಂದದ್ದು ಸಿಟ್ಟಲ್ಲ, ದ್ವೇಷ. ಸಿಟ್ಟು ಇಳಿಯುತ್ತದೆ. ಇದು ಇಳಿಯಲಿಲ್ಲ.

ನಾನು ಹಟಕ್ಕೆ ಬಿದ್ದು ಬರೆದೆ. ದೂರ ತಪ್ಪಿದ್ದರೆ ಉತ್ತರ ಎಷ್ಟು ಬದಲಾಗುತ್ತದೆ, ತೂಕ ತಪ್ಪಿದ್ದರೆ ಎಷ್ಟು, ಓರೆ ತಪ್ಪಿದ್ದರೆ ಎಷ್ಟು, ಎಲ್ಲವನ್ನೂ ಬಿಚ್ಚಿಟ್ಟೆ. ಇವರ ಹಿಟ್ಟು, ಅಂದರೆ ಆ ಕಡಿಮೆ ಓರೆ, ಎಲ್ಲಿಂದ ಬಂತು ಅಂತಲೂ ಕೇಳಿದೆ. ಪರಿಶೀಲಕರು ಎರಡು ಸಲ ಗೋಳು ಹೊಯ್ದುಕೊಂಡು ಕಡೆಗೆ ಒಪ್ಪಿದರು. ಅಚ್ಚಾಯಿತು. ನನ್ನೊಬ್ಬಳ ಹೆಸರಲ್ಲಿ.

ನನ್ನ ಹೆಸರು ಅಂದೆನಲ್ಲ, ಅಲ್ಲೇ ಎಡವಿದ್ದು. ನಮ್ಮ ಕಡೆ ಹೆಣ್ಣಿಗೆ ಮದುವೆಯಾದ ಮೇಲೆ ಹೆಸರು ಮೂರು ತುಂಡು. ಮೊದಲು ತನ್ನದು, ನಡುವೆ ಗಂಡನದು, ಕಡೆಗೆ ಗಂಡನ ಮನೆಯ ಅಡ್ಡಹೆಸರು. ನಡುವೆ ಇದ್ದ ಅಪ್ಪನ ಹೆಸರು ಹೋಗಿಬಿಡುತ್ತದೆ. ಬಾಯಲ್ಲಿ ಹೇಳಬಾರದ ಹೆಸರನ್ನು ಜೀವಮಾನವಿಡೀ ಹೊಟ್ಟೆಯಲ್ಲಿ ಹೊತ್ತು ತಿರುಗಬೇಕು. ಮದುವೆಯಾದ ವರ್ಷವೇ ಅತ್ತೆ ಮುಂದೆ ನಿಂತು ಆಧಾರ್‌ನಿಂದ ಹಿಡಿದು ಕಾಲೇಜಿನ ದಾಖಲೆಯ ತನಕ ಎಲ್ಲ ಬದಲು ಮಾಡಿಸಿದ್ದರು. ಅದೇ ಹೆಸರಲ್ಲಿ ಪ್ರಬಂಧ ಅಚ್ಚಾಯಿತು. ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಮ್ಮ ಶಾಸ್ತ್ರದಲ್ಲಿ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಎತ್ತಿ ಹೇಳುವಾಗ ಅಡ್ಡಹೆಸರು ಬರೆದು, ಸ್ವಂತ ಹೆಸರಿನ ಮೊದಲ ಅಕ್ಷರ ಮಾತ್ರ ಹಾಕುತ್ತಾರೆ. ನಮ್ಮಿಬ್ಬರ ಹೆಸರೂ ಒಂದೇ ಅಕ್ಷರದಿಂದ ಶುರು. ನಿಶ್ಚಯದ ದಿನ ಅದನ್ನು ಶುಭ ಅಂದಿದ್ದರು.

ಶುಭವೇ ಆಯಿತು, ಇವರಿಗೆ. ಓದಿದವರಿಗೆ ಕಂಡದ್ದು ಇಷ್ಟು: ಮೊದಲು ಈ ಮನುಷ್ಯ ಕಪ್ಪುಕುಳಿ ಜೋರಾಗಿ ತಿರುಗುತ್ತದೆ ಅಂದಿದ್ದ, ಈಗ ಅದೇ ಮನುಷ್ಯ ತನ್ನ ಲೆಕ್ಕ ತಪ್ಪು, ನಿಧಾನವಾಗಿ ತಿರುಗುತ್ತದೆ ಅನ್ನುತ್ತಿದ್ದಾನೆ. ಒಂದು ಸಂಜೆ ಇವರು ಚಹಾ ಕುಡಿಯುತ್ತ ಫೋನಿನಲ್ಲಿ ಏನೋ ಓದಿ ನಕ್ಕರು. ಬಹಳ ದಿನದ ಮೇಲೆ ನನ್ನನ್ನು ನೋಡಿ ಮಾತಾಡಿದ್ದು ಅದೇ.

“ನೋಡು, ನಿನ್ನ ಪೇಪರಿಗೂ ನನಗ ಅಭಿನಂದನಾ ಬರಾಕತ್ತಾವ. ತಪ್ಪು ಒಪ್ಪಿಕೊಳ್ಳಾಕ ದೊಡ್ಡ ಮನಸ್ಸು ಬೇಕು ಅಂತ ಬರದಾರ.”

“ಏನಂತ ಉತ್ತರ ಕೊಟ್ರಿ?”

“ಥ್ಯಾಂಕ್ಸ್ ಅಂದ್ನಿ. ಮತ್ತೇನ್ ಅನ್ನೂದು? ಪ್ರತಿಯೊಬ್ರಿಗೂ ನಮ್ಮ ಮನಿ ವಂಶಾವಳಿ ಹೇಳ್ಕೋತ ಕೂಡಲೇನು?”

ಅತ್ತೆ ಒಳಗಿನಿಂದ, ಏನಂತ, ಅಂತ ಕೇಳಿದರು. “ಛಲೋ ಸುದ್ದಿ,” ಅಂದರು ಇವರು.

ಆ ಛಲೋ ಸುದ್ದಿ ಧಾರವಾಡದ ವಿಜ್ಞಾನಪ್ರೇಮಿಗಳ ಒಂದು ಬಳಗದ ತನಕ ಹೋಯಿತು. ಅವರು ಇವರಿಗೆ ಸನ್ಮಾನ ಇಟ್ಟುಕೊಂಡರು. ಯಾತಕ್ಕೆ ಅಂತ ನಾನು ಕೇಳಿದ್ದಕ್ಕೆ, “ಒಟ್ಟಾರೆ ಸಂಶೋಧನಾಕ್ಕ,” ಅಂದರು. ಅತ್ತೆ ರೇಷ್ಮೆ ಸೀರೆ ಉಟ್ಟು ಹೊರಟರು. ನಾನೂ ಹೋದೆ. ಹೋಗದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಿದ್ದರು. ಸಭಾಗೃಹದಲ್ಲಿ ಮುಂದಿನ ಸಾಲಿನಲ್ಲಿ ಅತ್ತೆಯನ್ನೂ ನನ್ನನ್ನೂ ಕೂರಿಸಿದರು. ನಿವೃತ್ತ ಶಿಕ್ಷಕರು, ಕಾಲೇಜು ಹುಡುಗಿಯರು, ಬ್ಯಾಂಕಿನವರು, ಒಳ್ಳೆಯ ಮಂದಿ ಸೇರಿದ್ದರು. ಇವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು.

ಅಧ್ಯಕ್ಷರು ಒಬ್ಬ ವಯಸ್ಸಾದ ನಿವೃತ್ತ ಪ್ರಾಚಾರ್ಯರು, ಸಭ್ಯರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಗೊತ್ತಿದ್ದನ್ನು ಹೇಳಿದರು. “ತಮ್ಮ ಲೆಕ್ಕ ತಪ್ಪು ಅಂತ ತಾವ ಮತ್ತ ಲೆಕ್ಕ ಮಾಡಿ, ತಾವ ಬರದು, ಜಗತ್ತಿನ ಮುಂದ ಇಟ್ಟಾರ. ಈ ಪ್ರಾಮಾಣಿಕತನಾ ಎಲ್ಲಿ ಸಿಗ್ತೈತ್ರಿ ಈಗ? ಅದಕ್ಕಂತನ ಈ ಸನ್ಮಾನ,” ಅಂದರು.

ಜನ ಚಪ್ಪಾಳೆ ತಟ್ಟಿದರು. ಅತ್ತೆಯೂ ತಟ್ಟಿದರು. ನಾನು ಇವರ ಮುಖವನ್ನೇ ನೋಡುತ್ತಿದ್ದೆ. ಈಗ ಹೇಳುತ್ತಾರೆ ಅಂದುಕೊಂಡೆ. ಎಷ್ಟಾದರೂ ಓದಿದವರು, ನನ್ನ ಜೊತೆ ಒಂದೇ ಅಂಕಿಗಾಗಿ ಬಡಿದಾಡಿದವರು, ಈ ಸುಳ್ಳನ್ನು ಹೆಗಲ ಮೇಲೆ ಹೊದ್ದು ಕೂರಲಾರರು ಅಂದುಕೊಂಡೆ. ಇವರು ಎದ್ದು ಮೈಕಿನ ಮುಂದೆ ಬಂದರು. ಬಳಗದವರಿಗೆ ವಂದಿಸಿದರು, ತಾಯಿಗೆ ವಂದಿಸಿದರು. ಆಮೇಲೆ, “ವಿಜ್ಞಾನದಾಗ ಅಹಂಕಾರ ಇರಬಾರದ್ರಿ,” ಅಂದರು.

ನಾನು ಎದ್ದು ನಿಂತೆ. “ಆ ಲೆಕ್ಕ ಅವರದಲ್ಲರಿ. ನಂದು.”

ಸಭೆ ತಿರುಗಿ ನೋಡಿತು. ಪ್ರಾಚಾರ್ಯರು ಕನ್ನಡಕ ಸರಿಮಾಡಿಕೊಂಡು, “ತಾವು ಯಾರ್ರಿ ಮೇಡಂ?” ಅಂದರು.

ನಾನು ನನ್ನ ಹೆಸರು ಹೇಳಿದೆ. ಅಪ್ಪ ಅವ್ವ ಇಟ್ಟದ್ದು, ಒಂದೇ ತುಂಡು.

“ಪೂರ್ತಿ ಹೆಸರು ಹೇಳ್ರಿ.”

“ಪೂರ್ತಿ ಇಷ್ಟ ರೀ,” ಅಂದೆ.

ಅಲ್ಲಿಗೆ ಇವರು ಮೈಕಿನಲ್ಲಿ ನಗುತ್ತ, “ನಮ್ಮ ಮನಿಯವ್ರು ರೀ,” ಅಂದರು. ಅಷ್ಟೇ ಸಾಕಾಯಿತು. ಬಿಗಿದುಕೊಂಡಿದ್ದ ಸಭೆ ಸಡಿಲಾಗಿ ಗೊಳ್ಳೆಂದು ನಕ್ಕಿತು. ಹಿಂದಿನಿಂದ ಯಾರೋ, “ಹಂಗಾದ್ರ ಮನಿ ಜಗಳಾ!” ಅಂದರು. ಇನ್ನೂ ಜೋರಾಗಿ ನಕ್ಕರು. ಪ್ರಾಚಾರ್ಯರಿಗೂ ಸಮಾಧಾನವಾಯಿತು. “ಗಂಡ ಹೆಂಡ್ತಿ ಇಬ್ರೂ ವಿಜ್ಞಾನಿಗಳು, ಎಷ್ಟ ಛಲೋ! ಬರ್ರಿ ಅಕ್ಕಾರ, ಮ್ಯಾಲೆ ಬರ್ರಿ. ದಂಪತಿ ಸನ್ಮಾನನ ಮಾಡಿಬಿಡೋಣು,” ಅಂದರು. ಆಗಲೇ ಇಬ್ಬರು ಹುಡುಗಿಯರು ಇವರ ಪಕ್ಕಕ್ಕೆ ಇನ್ನೊಂದು ಕುರ್ಚಿ ಎಳೆದರು. ಇನ್ನೊಂದು ಹಾರ ಎಲ್ಲಿಂದಲೋ ಬಂತು. ನನ್ನ ಲೆಕ್ಕ, ನನ್ನ ತಕರಾರು, ನನ್ನ ವರ್ಷಗಳು ಎಲ್ಲವೂ ಒಂದು ಹಾರದೊಳಗೆ ಹಿಡಿಸುವಂತಿತ್ತು.

ಅತ್ತೆ ತುಟಿ ಅಲ್ಲಾಡಿಸದೆ, “ಹೋಗ್ರಿ. ಕುಂಕುಮಾ ಹಚ್ಚಸ್ಕೊಂಡು ಬರ್ರಿ,” ಅಂದರು.

ನಾನು ಹೋಗಲಿಲ್ಲ. ನಿಂತಲ್ಲಿಂದಲೇ ಹೆಸರು ಹಿಡಿದು ಕರೆದೆ. ಪ್ರಾಸವಿಲ್ಲ, ರಾಯರಿಲ್ಲ, ಅವರಿಲ್ಲ, ಬರೀ ಹೆಸರು. ನನ್ನ ದನಿಯೇ ನನಗೆ ಗುರುತು ಸಿಗಲಿಲ್ಲ.

“ನೀ ಓರೆ ಎಷ್ಟ ಹಿಡದಿ? ಯಾಕ ಹಿಡದಿ? ಇಲ್ಲೇ ಹೇಳು.”

ನಗು ಒಮ್ಮೆಲೇ ನಿಂತಿತು. ಸಭೆಯಲ್ಲಿದ್ದವರಿಗೆ ಓರೆ ಅಂದರೇನು ಅಂತ ಗೊತ್ತಿರಲಿಲ್ಲ. ‘ನೀ’ ಅಂದರೇನು ಅಂತ ಎಲ್ಲರಿಗೂ ಗೊತ್ತಿತ್ತು. ಹಾರ ಹಿಡಿದ ಹುಡುಗಿ ಹಾರ ಹಿಡಿದ ಹಾಗೇ ನಿಂತಳು. ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು, ಪಿನ್ನು ಕಿತ್ತು ಭುಜಕ್ಕೆ ಚುಚ್ಚಿತು. ನಾನು ಕೂರಲಿಲ್ಲ.

ಅವನು ಮೈಕಿನ ಮುಂದೆ ಶಾಲು ಹೊದ್ದು ಒಬ್ಬನೇ ನಿಂತಿದ್ದ. ತಾಯಿಯ ಕಡೆ ನೋಡಿದ. ‘ಊಟ ಆರತೈತಿ’ ಅನ್ನಲು ಅಲ್ಲಿ ಊಟ ಇರಲಿಲ್ಲ.